ಹಣೆಯ ಮೇಲಿನ ಟಂಕ

ಆಳಂದ,
೧೪ ಜುಲೈ ೨೦೨೫

ಜೇವರ್ಗಿಯಲ್ಲಿ ಹಳೇ ನಾಣ್ಯ ಕೂಡಿಸುವ ಶಿವಪ್ರಕಾಶ ಅವರಿಗೆ, ಆಳಂದದ ಮಲ್ಲಣ್ಣನವರ ಮಗಳು ವಿಜಯಶ್ರೀ ಬರೆಯುವ ಕಾಗದ.

ನಿಮ್ಮ ಹೆಂಡತಿ ಎಂದು ಬರೆಯಬೇಕಿತ್ತು. ಕೈ ಬರಲಿಲ್ಲ. ಶರಣು ಎಂದು ಶುರು ಮಾಡುವುದು ನಮ್ಮ ಎರಡೂ ಮನೆಗಳ ರೂಢಿ. ಅದನ್ನೂ ಇವತ್ತು ಬಿಟ್ಟಿದ್ದೇನೆ. ಗುರುವಾರದಿಂದ ನೀವು ಫೋನ್ ಮಾಡುತ್ತಿದ್ದೀರಿ, ನಾನು ಎತ್ತುತ್ತಿಲ್ಲ. ಎತ್ತಿದರೆ ನನಗೆ ಅಳು ಬರುತ್ತದೆ. ಅತ್ತರೆ, ಅಪ್ಪನನ್ನು ನೆನೆದು ಅಳುತ್ತಿದ್ದಾಳೆ ಎಂದುಕೊಂಡು ನೀವು ಸಮಾಧಾನ ಮಾಡಲು ಬರುತ್ತೀರಿ. ನಿಮ್ಮ ಸಮಾಧಾನ ನನಗೆ ಬೇಡ. ಕಾಗದವಾದರೆ ನಡುವೆ ಬಾಯಿ ಹಾಕಲು ನಿಮಗೆ ಬರುವುದಿಲ್ಲ.

ವಿಷಯ ಇಷ್ಟೇ. ಅಪ್ಪನನ್ನು ಮಣ್ಣು ಮಾಡುವ ದಿನ ಅವನ ಹಣೆಗೆ ನಾನು ಅಂಟಿಸಿದ್ದ ಹಳೇ ಬೆಳ್ಳಿ ನಾಣ್ಯ, ಆ ಟಂಕ, ಅವನ ಜೊತೆ ಹೋಗಿಲ್ಲ. ಅದು ಜೇವರ್ಗಿಯಲ್ಲಿ ನಿಮ್ಮ ಕಪಾಟಿನಲ್ಲಿದೆ.

ಇಲ್ಲ ಎನ್ನಬೇಡಿ. ಗುರುವಾರ ಅಫಜಲಪುರದಿಂದ ಸರ್ದಾರ ಕಾಕಾ ಮಾತಾಡಿಸಲು ಬಂದಿದ್ದರು. ಅಪ್ಪನ ಹಾಗೆ ಅವರೂ ಹಳೇ ನಾಣ್ಯದ ವ್ಯಾಪಾರಿ. ಮೊಳಕಾಲು ನೋವೆಂದು ಮಣ್ಣಿಗೆ ಬರಲಾಗಿರಲಿಲ್ಲ. ಚಹಾ ಕುಡಿಯುತ್ತ, "ಟಂಕ ಅಳಿಯಂದಿರಿಗೇ ಕೊಟ್ರಿ, ಛಲೋ ಮಾಡಿದ್ರಿ ಬೇಟಿ. ಹೊರಗಿನವರ ಕೈಗಿ ಹೋಗಬಾರದಿತ್ತು" ಎಂದರು. ಯಾವ ಟಂಕ ಕಾಕಾ ಎಂದೆ. ಅವರು ಫೋನ್ ತೆಗೆದು ನಿಮ್ಮ ಸಂಗ್ರಾಹಕರ ವಾಟ್ಸಾಪ್ ಗುಂಪನ್ನು ತೋರಿಸಿದರು. ಎರಡೂ ಮಗ್ಗುಲಿನ ಫೋಟೋ ಹಾಕಿ "ಕೊನೆಗೂ ಸಿಕ್ಕಿತು" ಎಂದು ಬರೆದಿದ್ದೀರಿ. ಕೆಳಗೆ ಸಾಲಾಗಿ ಚಪ್ಪಾಳೆ.

ಅಂಥದೇ ಇನ್ನೊಂದು ಇರಬಹುದು ಎಂದೆ. ಆಗಲೂ ನಿಮ್ಮ ಪರವಾಗಿಯೇ ಮಾತಾಡಿದೆ ನೋಡಿ. ಕಾಕಾ ನಕ್ಕರು. "ಬೀಗರ ಮಾರಿ ಮರೀಬಹುದವ್ವಾ, ಕೈಯಾಗ ಆಡಿಸಿದ ನಾಣ್ಯದ ಅಂಚು ಮರೀತದೇನು? ಈ ಮಗ್ಗಲಾ ಒತ್ತಿ ಹೋಗೇದ ನೋಡು, ಯಾರೋ ಕಡದಂಗ" ಎಂದರು. ಹಾಗೆನ್ನುತ್ತ ಫೋಟೋ ದೊಡ್ಡದು ಮಾಡಿದರು. ಅಕ್ಷರಗಳ ಸಂದಿಯಲ್ಲಿ ಬೆಳ್ಳಗೆ ಏನೋ ಕೂತಿತ್ತು. "ಇದೇನು ಹತ್ತೇದ? ಹಿಟ್ಟೇನು?"

ಹಿಟ್ಟಲ್ಲ, ವಿಭೂತಿ. ಆ ವಿಭೂತಿಯನ್ನು ನೀರಲ್ಲಿ ಕಲಸಿದವಳು ನಾನು. ಅಪ್ಪನ ಹಣೆಗೆ ದಪ್ಪಗೆ ಬಳಿದು, ಅದು ಹಸಿ ಇರುವಾಗಲೇ ಟಂಕವನ್ನು ಒತ್ತಿದ್ದೆ, ಜಾರಬಾರದೆಂದು. "ಹೌದ್ರಿ ಕಾಕಾ, ಹಿಟ್ಟೇ ಇರಬೇಕು" ಎಂದು ಹೇಳಿ ಒಳಗೆ ಹೋದೆ. ನಿಮ್ಮ ಮಾನ ಉಳಿಸಲು ಹೇಳಿದ ಕೊನೇ ಸುಳ್ಳು ಅದು.

ತೊಳೆದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ನೀವು ತೊಳೆಯುವವರಲ್ಲ. ಲಗ್ನವಾದ ವರ್ಷ ನಿಮ್ಮ ತಾಮ್ರದ ದುಡ್ಡುಗಳಿಗೆ ನಾನು ಹುಣಸೆಹುಳಿ ಹಚ್ಚಿ ಫಳಫಳ ಹೊಳೆಸಿಟ್ಟಾಗ ನೀವು ಎಗರಾಡಿದ್ದು ಓಣಿಗೆಲ್ಲ ಕೇಳಿತ್ತು. "ಹಳೇ ನಾಣ್ಯದ ಮ್ಯಾಲಿನ ಮಣ್ಣು ಸೈತ ಮುಟ್ಟಬಾರದು, ಅದರ ಕಿಮ್ಮತ್ತೇ ಹೋಗ್ತದ" ಎಂದಿದ್ದಿರಿ. ಮಾವನ ಹಣೆಯಿಂದ ಕಿತ್ತು ತಂದದ್ದಕ್ಕೂ ಅದೇ ಶಾಸ್ತ್ರ ಪಾಲಿಸಿದಿರಿ. ಕಳ್ಳತನ ಮಾಡುವಾಗಲೂ ನಾಣ್ಯದ ನೇಮ ಬಿಡಲಿಲ್ಲ.

ನಿಮ್ಮ ಹುಚ್ಚು ನನಗೆ ಹೊಸದಲ್ಲ. ಅಪ್ಪನದು ಮೊದಲು ಬಾಂಡೆ ಸಾಮಾನಿನ ಅಂಗಡಿ. ಒಡೆದ ತಂಬಿಗೆ, ಕೊಡಗಳ ಜೊತೆ ಹಳ್ಳಿಯ ಜನ ಹಳೇ ದುಡ್ಡುಗಳನ್ನೂ ತೂಕಕ್ಕೆ ಹಾಕಿ ಹೋಗುತ್ತಿದ್ದರು. ಕರಗಿಸಲು ಕೊಡಲು ಮನಸ್ಸಾಗದೆ ಅವನ್ನು ತೆಗೆದಿಡುತ್ತ ತೆಗೆದಿಡುತ್ತ ಅಪ್ಪ ನಾಣ್ಯದ ವ್ಯಾಪಾರಿಯಾದ. ಅಲ್ಲಿಗೆ ನೀವು ಗಿರಾಕಿಯಾಗಿ ಬಂದಿರಿ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಒಂದೊಂದು ನಾಣ್ಯವನ್ನೂ ತಿರುಗಿಸಿ, "ಸವದದ ನೋಡ್ರಿ. ಇಲ್ಲಿ ಪೆಟ್ಟು ಬಿದ್ದದ. ಅಕ್ಷರ ಅರ್ಧ ಹೋಗ್ಯಾವ" ಎಂದು ಹೀಗಳೆದು, ಕೊನೆಗೆ "ಎಷ್ಟಕ್ಕ ಕೊಡ್ತೀರಿ?" ಎನ್ನುತ್ತಿದ್ದಿರಿ. ಅಪ್ಪ ಅದನ್ನು ನಿಮ್ಮ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ಬ್ಯಾಡ್ರಿ ಸಾಹುಕಾರ್ರ. ಇಷ್ಟ ಕೆಟ್ಟ ಮಾಲು ನಿಮ್ಮಂಥವ್ರಿಗಿ ಕೊಟ್ಟು ನಾ ಯಾಕ ಪಾಪ ಕಟ್ಕೊಳ್ಳಲಿ" ಎಂದು ಡಬ್ಬಿಗೆ ಹಾಕುತ್ತಿದ್ದ. ನೀವು ಸಿಟ್ಟಿನಿಂದ ಎದ್ದು ಮೂಲೆಯ ಚಹಾದಂಗಡಿಯವರೆಗೆ ಹೋಗಿ ತಿರುಗಿ ಬರುತ್ತಿದ್ದಿರಿ. ಅಷ್ಟರಲ್ಲಿ ಒಳಗೆ ಅವ್ವ ನಿಮಗೆಂದು ಮತ್ತೊಂದು ಕಪ್ಪು ಚಹಾ ಸೋಸಿರುತ್ತಿದ್ದಳು. ಜೇವರ್ಗಿಯ ನಿಮ್ಮ ಗೊಬ್ಬರದ ಅಂಗಡಿಯಲ್ಲಿ ಮಾತ್ರ "ಒಂದೇ ದರ, ಚೌಕಾಶಿ ಇಲ್ಲ" ಎಂದು ಬೋರ್ಡು!

ಅಪ್ಪನೂ ಏನು ಸಾಚಾ ಅಲ್ಲ. "ನಿಮ್ಮ ಸಲುವಾಗೇ ಮುಚ್ಚಿಟ್ಟೀನ್ರಿ" ಎಂದು ಒಂದೇ ನಾಣ್ಯವನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಆದರೆ ಯಾರ ಮೈಮೇಲಿನದನ್ನೂ ಕಿತ್ತುಕೊಂಡವನಲ್ಲ.

ಜಿಡಗಾ ಕಡೆಯವನೊಬ್ಬ ದೇವಿಯ ಚಿತ್ರವಿದ್ದ ಐದು ರೂಪಾಯಿ ತಂದದ್ದು ನಿಮಗೂ ನೆನಪಿರಬೇಕು. ಫೋನಿನಲ್ಲಿ ವಿಡಿಯೋ ನೋಡಿದ್ದೇನೆ, ಹತ್ತು ಲಕ್ಷಕ್ಕೆ ಕಡಿಮೆ ಕೊಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ. ಅಪ್ಪ, "ತಮ್ಮಾ, ಹತ್ತು ಲಕ್ಷ ನನ್ನ ಬಲ್ಲಿ ಇದ್ದಿದ್ರ ಈ ಮುರುಕ ಸ್ಟೂಲಿನ ಮ್ಯಾಲ ಯಾಕ ಕೂಡತಿದ್ದೆ? ಇದನ್ನ ಒಯ್ದು ಚಹಾ ಕುಡಿ, ಇನ್ನೂ ಐದು ರೂಪಾಯಿ ಕೈಯಿಂದ ಹಾಕಬೇಕಾಗ್ತದ" ಎಂದ. ಅವನು, "ನೀವೆಲ್ಲಾ ಲೂಟಿ ಮಾಡವ್ರು" ಎಂದು ಬೈಯುತ್ತ ಹೋದ ಮೇಲೆ ನೀವು, ಅಪ್ಪ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿರಿ. ಒಳಗೆ ನಿಂತು ನಾನೂ ನಕ್ಕೆ. ಹೀಗೆ ನಗುವ ಮನುಷ್ಯ ಕೆಟ್ಟವನಿರಲಿಕ್ಕಿಲ್ಲ ಎಂದು ಆವತ್ತೇ ಅಂದುಕೊಂಡೆ. ಎಷ್ಟು ದಡ್ಡಿ ನಾನು.

ಕರಜಗಿಯ ರೈತನೊಬ್ಬ ಕಬ್ಬಿಗೆಂದು ಹೊಲ ಸಮ ಮಾಡಿಸುವಾಗ ಸಿಕ್ಕಿದ್ದೆಂದು ತಂದದ್ದು ಆ ಟಂಕ. ಬಹಮನಿ ಸುಲ್ತಾನರ ಕಾಲದ್ದು ಎಂದು ನೀವಿಬ್ಬರೂ ಹೇಳುತ್ತಿದ್ದಿರಿ. ಅದೊಂದನ್ನು ಅಪ್ಪ ಮಾರಲಿಲ್ಲ. ಹೆಣ್ಣು ನೋಡಲು ಬಂದ ದಿನ ಅವಲಕ್ಕಿಯ ತಟ್ಟೆ ಕೈಯಲ್ಲಿ ಹಿಡಿದು ನಾನು ನಿಂತಿದ್ದರೆ ನಿಮ್ಮ ಕಣ್ಣು ಕಪಾಟಿನ ಕಡೆ. "ಆ ಡಬ್ಬ್ಯಾಗಿಂದು ಒಂದು ಸಲ ತೋರಸ್ರಿ" ಎಂದಿರಿ. "ಮಗಳನ್ನ ಕೊಡ್ತೀನಿ ಅಳಿಯಾದೇವ್ರ, ಟಂಕ ಮಾತ್ರ ಕೇಳಬ್ಯಾಡ್ರಿ" ಎಂದ ಅಪ್ಪ. ಮನೆಯೆಲ್ಲ ನಕ್ಕಿತು. ಆಮೇಲೆ ಪಂಚಮಿಗೆ ಬಂದರೂ ಅದೇ ಮಾತು, ದೀಪಾವಳಿಗೆ ಬಂದರೂ ಅದೇ ಮಾತು. ನಾನು ಒಬ್ಬಳೇ ತವರಿಗೆ ಹೊರಟರೆ "ಮಾವನ ಮನಸ್ಸು ನೋಡ್ಕೊಂಡು ಕೇಳು" ಎಂದು ಬಸ್ಸಿನ ಕಿಟಕಿಯಲ್ಲಿ ಹೇಳಿ ಕಳಿಸುತ್ತಿದ್ದಿರಿ. ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿದೆ, ಒಲ್ಲೆ ಅಂದ ಎಂದು ನಿಮಗೆ ಹೇಳುತ್ತಿದ್ದೆ.

ಈಗ ಆ ದಿನದ ಮಾತಿಗೆ ಬರುತ್ತೇನೆ. ನೀವು ಇನ್ನೂ ದಾರಿಯಲ್ಲಿದ್ದಿರಿ. ಅಪ್ಪನಿಗೆ ಸ್ನಾನ ಮಾಡಿಸಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ಹಚ್ಚಲು ಒಂದು ರೂಪಾಯಿ ತರ್ರಿ ಎಂದರು ಹಿರಿಯರು. ಎಲ್ಲರೂ ಜೇಬು ತಡಕಿದರು. ಈಗ ಎಲ್ಲರ ವ್ಯವಹಾರವೂ ಫೋನಿನಲ್ಲಿ; ಒಬ್ಬರ ಹತ್ತಿರವೂ ಚಿಲ್ಲರೆ ಇಲ್ಲ. ಪಕ್ಕದ ಮನೆಯ ಹುಸೇನಬೀ ಚಾಚಿ ಅಳುತ್ತಲೇ, "ಯಾ ಅಲ್ಲಾ, ಸುಲ್ತಾನರ ರೊಕ್ಕ ಅದ ಈ ಮನ್ಯಾಗ, ಅಂಗಡ್ಯಾಗ ನಡಿಯೂ ಒಂದು ರೂಪಾಯಿ ಇಲ್ಲೇನವ್ವಾ!" ಎಂದಳು. ಅಷ್ಟು ದುಃಖದಲ್ಲೂ ಯಾರೋ ನಕ್ಕರು. ಅಪ್ಪ ಇದ್ದಿದ್ದರೆ ಅವನೇ ಮೊದಲು ನಗುತ್ತಿದ್ದ.

ನಾನು ಎದ್ದು ಕಪಾಟು ತೆರೆದು ಟಂಕ ತಂದೆ. ಯಾರನ್ನೂ ಕೇಳಲಿಲ್ಲ. ಜೀವಮಾನವೆಲ್ಲ ಹಳೇ ನಾಣ್ಯ ಮುಟ್ಟಿದ ಕೈ ಅವನದು. ಮಾರದೆ ಉಳಿಸಿಕೊಂಡದ್ದು ಇದೊಂದೇ. ಇದನ್ನು ತೆಗೆದುಕೊಂಡೇ ಹೋಗಲಿ ಎನಿಸಿತು. ಮಗಳಾಗಿ ಅವನಿಗೆ ನಾನು ನನ್ನ ಕೈಯಾರೆ ಕೊಟ್ಟದ್ದು ಅದೊಂದೇ.

ನೀವು ಬಂದಿರಿ. ಎಲ್ಲರೂ ಹೂವು, ಪತ್ರಿ ಹಾಕಿ ಹಿಂದೆ ಸರಿದ ಮೇಲೆ ನೀವು ಮುಂದೆ ಹೋದಿರಿ. ಅಪ್ಪನ ಹಣೆಗೆ ನಿಮ್ಮ ಹಣೆ ಹಚ್ಚಿ, ಎರಡೂ ಕೈಯಿಂದ ಅವನ ಮುಖ ಹಿಡಿದು ಬಹಳ ಹೊತ್ತು ಅತ್ತಿರಿ. ಹೆಗಲು ಅಲುಗುತ್ತಿತ್ತು. ಮಠದಿಂದ ಬಂದಿದ್ದ ಹಿರಿಯರೊಬ್ಬರು, "ಅಳಿಯ ಅಂದ್ರ ಹಿಂಗಿರಬೇಕು ನೋಡ್ರಿ, ಮಗನಕಿಂತ ಹೆಚ್ಚು" ಎಂದರು. ಅಪ್ಪನನ್ನು ಮಣ್ಣಿನೊಳಗೆ ಕೂರಿಸುವಾಗ ಅವನ ಹಣೆಯ ಮೇಲೆ ಹಳದಿ ಬಣ್ಣ ಕಂಡಿತು. ಬಿಸಿಲಿರಬೇಕು ಎಂದುಕೊಂಡೆ.

ಬಿಸಿಲಲ್ಲ, ಟಂಕ ಕಿತ್ತ ಜಾಗದಲ್ಲಿ ನೀವು ಒತ್ತಿದ್ದ ಹತ್ತು ರೂಪಾಯಿಯ ನಾಣ್ಯ. ಯಾವ ಅಂಗಡಿಯವನೂ ಮುಟ್ಟದೆ "ಇದು ನಡ್ಯಾಂಗಿಲ್ರಿ" ಎಂದು ವಾಪಸು ಕೊಡುತ್ತಾನಲ್ಲ, ಅದು. ಎಲ್ಲೂ ಸಾಗದೆ ನಿಮ್ಮ ಜೇಬಿನಲ್ಲಿ ಬಿದ್ದಿದ್ದನ್ನು ನನ್ನ ಅಪ್ಪನ ಹಣೆಗೆ ಸಾಗಿಸಿದಿರಿ.

ನನ್ನ ಸಿಟ್ಟು ಏನೆಂದು ನಿಮಗೆ ತಿಳಿಯಬೇಕು. ಅಪ್ಪ ಹೋದಾಗಿನಿಂದ ನನಗೆ ಊಟ ಸೇರಿಲ್ಲ. ಅವನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇವೆ, ಯಾರಿಗೂ ಎತ್ತಲು ಬಿಟ್ಟಿಲ್ಲ. ದಿನವೂ ಬರೆಯುವ ನನ್ನ ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲು ಇದೆ: "ಅವರು ಅಪ್ಪನನ್ನು ತಬ್ಬಿ ಅತ್ತರು." ಎದೆ ಭಾರವಾದಾಗಲೆಲ್ಲ ಆ ಸಾಲನ್ನೇ ನೆನೆಸಿಕೊಂಡಿದ್ದೇನೆ. ನನ್ನ ದುಃಖದಲ್ಲಿ ಪಾಲು ತೆಗೆದುಕೊಳ್ಳುವವರು ಒಬ್ಬರಿದ್ದಾರೆ ಎಂದು. ಈಗ ಅದನ್ನು ನೆನೆದರೆ ನಿಮ್ಮ ಬೆರಳು ಕಾಣುತ್ತವೆ. ಹಸಿ ವಿಭೂತಿಯಲ್ಲಿ ಉಗುರು ಹಾಕಿ ಕೀಳುವ ಬೆರಳು. ಆಗ ನೀವು ಅತ್ತದ್ದು ಖರೇನೋ ಸುಳ್ಳೋ? ಅಳುತ್ತ ಕಿತ್ತಿರೋ, ಕೀಳಲೆಂದು ಅತ್ತಿರೋ? ಅಪ್ಪ ಹೋದ ನೋವಿನ ಮೇಲೆ ಇದೊಂದನ್ನೂ ನಾನು ಹೊರಬೇಕೇನು?

ನಿಮ್ಮ ಉತ್ತರವೂ ನನಗೆ ಗೊತ್ತು. ಅಂಥ ನಾಣ್ಯ ಮಣ್ಣಿಗೆ ಹೋದರೆ ಇತಿಹಾಸಕ್ಕೇ ನಷ್ಟ ಎನ್ನುತ್ತೀರಿ. ಅದು ಮಣ್ಣಿನಿಂದಲೇ ಬಂದದ್ದು. ಇತಿಹಾಸದ ಮೇಲೆ ಅಷ್ಟು ಕಳಕಳಿ ಇದ್ದರೆ ಎಲ್ಲರ ಮುಂದೆ ಹೇಳಿ ತೆಗೆದುಕೊಳ್ಳಬೇಕಿತ್ತು. ನಾನು ಒಪ್ಪುತ್ತಿದ್ದೆನೋ ಏನೋ. ಈಗ ಒಪ್ಪುವುದಿಲ್ಲ.

ಮುಂದಿನ ಸೋಮವಾರ ಅಪ್ಪನ ಸಮಾಧಿಗೆ ಕಲ್ಲು ಕೂರಿಸುತ್ತಾರೆ. ಟಂಕ ತೆಗೆದುಕೊಂಡು ಬರ್ರಿ. ಯಾರ ಕೈಯಲ್ಲೂ ಕಳಿಸಬೇಡಿ. ಅವ್ವನ ಮುಂದೆ ನಿಂತು ಏನು ಮಾಡಿದಿರಿ ಎಂದು ನಿಮ್ಮ ಬಾಯಿಂದಲೇ ಹೇಳಿರಿ. ಆಮೇಲೆ ಕಲ್ಲಿನ ಕೆಳಗೆ ನಿಮ್ಮ ಕೈಯಾರೆ ಇಡಿರಿ. ತೊಳೆಯಬೇಡಿ, ಹೇಗಿದೆಯೋ ಹಾಗೇ ತನ್ನಿರಿ. ಬರದಿದ್ದರೆ ನಾನು ಜೇವರ್ಗಿಗೆ ಬರುವುದಿಲ್ಲ. ನನ್ನ ಸೀರೆಗಳಿರುವ ಕಪಾಟನ್ನು ಖಾಲಿ ಮಾಡಿ ಅಲ್ಲಿಯೂ ನಾಣ್ಯ ಜೋಡಿಸಿಕೊಳ್ಳಿರಿ.

ಹೆಚ್ಚಿಗೆ ಬರೆಯಲು ಏನೂ ಇಲ್ಲ.

ವಿಜಯಶ್ರೀ

ಸಹಿ ಮಾಡಿದ ಮೇಲೆ ಬರೆದದ್ದು:

ಇಷ್ಟುದ್ದ ಯಾರಿಗೆ ಬರೆಯುತ್ತಿದ್ದೀ ಎಂದು ಅವ್ವ ಕೇಳಿದಳು. ಅವಳಿಗೆ ಓದಲು ಬರುವುದಿಲ್ಲ. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಆದರೆ ಪೂರ್ತಿ ಓದಿ ಹೇಳಿದೆ. ಅವಳು ಅಳಲಿಲ್ಲ. ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ:

"ಅದು ಅಳಿಯಂದಿರಿಗೇ ಕೊಡೂದಿತ್ತವ್ವಾ. 'ನಾ ಹೋದಮ್ಯಾಲ ಅಳಿಯನ ಕೈಯಾಗ ಇಡು' ಅಂತ ನಿಮ್ಮಪ್ಪ ನನಗ ಹೇಳಿಟ್ಟಿದ್ದ. ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದ ಕೂಡ್ಲೆ ಕೊಡಬೇಕಂತಿದ್ದೆ. ನೀ ಹಣಿಗಿ ಹಚ್ಚಿದ್ದು ನೋಡ್ದೆ, ಹೋಗ್ಲಿ, ಅವನದು ಅವನ ಜೋಡಿ ಹೋಗ್ಲಿ ಅಂತ ಸುಮ್ಮಕಾದೆ. 'ಈಗೇ ಕೊಟ್ಟುಬಿಡ್ರಿ, ಪಾಪ ಎಷ್ಟ ಕೇಳ್ತಾರ' ಅಂತ ನಾ ಎಷ್ಟೋ ಸಲ ಅಂದೇನಿ. 'ಹುಚ್ಚಿ, ಕೊಟ್ರ ಅಂವಾ ಇಲ್ಲಿಗಿ ಯಾಕ ಬರ್ತಾನ? ಟಂಕದ ಆಸೀಗಿ ಬರ್ತಾನ, ಬರೋ ಮುಂದ ಮಗಳನ್ನ ಕರ್ಕೊಂಡು ಬರ್ತಾನ' ಅಂತಿದ್ದ."

ನಿಮಗೇ ಸೇರಬೇಕಾದದ್ದನ್ನು ನೀವು ಕದ್ದಿರಿ. ಇದು ತಿಳಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು.

ಒಳಗೆ ಹೋಗುತ್ತ ಅವ್ವ ಇನ್ನೊಂದು ಮಾತು ಹೇಳಿದಳು. "ಇಟ್ಕೊಳ್ಳಲಿ ಅನ್ನು. ಅದಂತೂ ಸಿಕ್ಕದಲ್ಲ, ಇನ್ನ ಅವರು ಆಳಂದಕ್ಕ ಬರೂ ಕೆಲಸಿಲ್ಲ ಅಂತನೂ ಬರಿ."

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಸೋಮವಾರ ಬರ್ರಿ ಎಂದು ಮೇಲೆ ನಾನು ಬರೆದದ್ದನ್ನು ಮಾತ್ರ ಹೊಡೆದುಹಾಕಿಲ್ಲ.