ಕೈಯಲ್ಲಿ ಪುಸ್ತಕ ಇರುವವರೆಗೆ

ಸೋಮವಾರ, ಸೆಪ್ಟೆಂಬರ್ ೧೫

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಬಂದು ವಾರದ ಮೇಲಾಯಿತು. ಬರೆಯಲು ಪುರುಸೊತ್ತಾಗಲಿಲ್ಲ ಅಂದರೆ ನೀನು ನಂಬುವುದಿಲ್ಲ. ಕರಪತ್ರ ಬರೆಯುವುದಾದರೆ ಇವಳ ಕೈ ಊಟದ ಬಿಡುವಿನಲ್ಲೂ ಓಡುತ್ತದೆ ಎಂದು ನಗುತ್ತೀಯ. ಆದ್ದರಿಂದ ನೆಪ ಹೇಳುವುದಿಲ್ಲ. ಮನಸ್ಸಿರಲಿಲ್ಲ, ಅಷ್ಟೆ.

ನೀನು ಕೇಳಿದ್ದು ಎರಡೇ ಪ್ರಶ್ನೆ. ನಮ್ಮ ಇಂಗ್ಲಿಷ್ ನಾಟಕದ ಸಂಘದಲ್ಲಿ ಮುಂದೆ ಏನೇನು ಕಾರ್ಯಕ್ರಮ, ನಿನ್ನ ಪಾತ್ರ ನಿನಗಾಗಿ ಉಳಿದಿದೆಯೇ. ಮೊದಲನೆಯದು ಸುಲಭ, ಅದರಿಂದಲೇ ಶುರು ಮಾಡುತ್ತೇನೆ.

ಬಾಡಿಗೆ ಮನೆಯ ಯಜಮಾನಿಯ ನಾಟಕ ನವೆಂಬರಿನಲ್ಲಿ, ಎರಡು ಸಂಜೆ. ಗ್ರಂಥಾಲಯದ ಹಿಂದಿನ ಸಭಾಂಗಣ ಸಿಕ್ಕಿದೆ. ಅಲ್ಲಿಯ ಪರದೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಎಳೆಯಲು ಇಬ್ಬರು ಬೇಕು. ಅದಕ್ಕೂ ಮೊದಲು, ಅಕ್ಟೋಬರಿನಲ್ಲಿ ಉಡುಪಿನ ದಿನ. ಎಲ್ಲರೂ ಮನೆಯಲ್ಲಿರುವ ಹಳೆಯ ಬಟ್ಟೆ ತರಬೇಕು. ಹಲ್ಲಿನ ಡಾಕ್ಟರ ಹೆಂಡತಿ ಯಜಮಾನಿಯ ಪಾತ್ರಕ್ಕೆ ತನ್ನ ಅತ್ತೆಯ ಕಪ್ಪು ಕೋಟು ಕೊಡುತ್ತಾರಂತೆ. ಅದನ್ನು ಕಂಡು ಇಷ್ಟು ವರ್ಷ ನಾನೊಬ್ಬಳೇ ನಡುಗಿದ್ದು ಸಾಕು, ಇನ್ನು ಊರೆಲ್ಲ ನಡುಗಲಿ ಎಂದರು. ಜನವರಿಯಲ್ಲಿ ನಾಟಕ ಓದುವ ಸಂಜೆಗಳು. ಯಾರು ಬೇಕಾದರೂ ಬಂದು ಓದಬಹುದು. ಫೆಬ್ರವರಿಯಲ್ಲಿ ಏಕಾಂಕಗಳು. ಅದಕ್ಕೆ ನಾನೂ ಒಂದನ್ನು ಬರೆದು ಕೊಟ್ಟೆ, ನಾವಿಬ್ಬರೂ ದುಡಿದ ಲಾಂಡ್ರಿಯ ಮೇಲೆ. ಅದನ್ನು ಓದಿದವರ ಕಣ್ಣು ತೆರೆಯಬೇಕು ಎಂದು ಹಟ ತೊಟ್ಟು ಬರೆದಿದ್ದೆ. ನಾಟಕ ಆಡಿಸುವ ನಮ್ಮ ಮೇಷ್ಟ್ರು ನಿನಗೆ ಗೊತ್ತಲ್ಲ, ಶಾಲೆಯಿಂದ ನಿವೃತ್ತರಾದರೂ ಕೆಂಪು ಪೆನ್ನು ಬಿಟ್ಟಿಲ್ಲ. ಇದರಲ್ಲಿ ಎಲ್ಲರೂ ಭಾಷಣ ಮಾಡುತ್ತಾರೆ, ಯಾರೂ ಮಾತಾಡುವುದಿಲ್ಲ ಎಂದು ಅಂಚಿನಲ್ಲಿ ಬರೆದು ಕೊಟ್ಟರು. ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ಓದಿ ನೋಡಿದರೆ ಸೂಪರ್‌ವೈಸರ್ ಕೂಡ ಭಾಷಣವನ್ನೇ ಮಾಡುತ್ತಿದ್ದಾನೆ, ಅದೂ ನನ್ನ ಕರಪತ್ರದ ಮಾತಿನಲ್ಲಿ! 'ಸಮಯ ಉಳಿದರೆ' ಎಂದು ಕಾರ್ಯಕ್ರಮದ ಕೊನೆಯಲ್ಲಿ ಹಾಕಿದ್ದಾರೆ. ಸಮಯ ಯಾವತ್ತಾದರೂ ಉಳಿದದ್ದುಂಟೆ?

ಇಷ್ಟು ಮೊದಲನೆಯ ಪ್ರಶ್ನೆಗೆ.

ಎರಡನೆಯದಕ್ಕೆ ಸ್ವಲ್ಪ ಸುತ್ತಿ ಬರಬೇಕು. ಜೂನಿನಲ್ಲಿ ಈ ದೇಶದಲ್ಲಿ ನಿನ್ನ ಕೆಲಸದ ಪರ್ಮಿಟ್ ಮುಗಿದು ಊರಿಗೆ ಹೊರಟೆಯಲ್ಲ, ಅವತ್ತು ನಿನ್ನ ನಾಟಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟೆ. ಮತ್ತೆ ಅರ್ಜಿ ಹಾಕುತ್ತೇನೆ, ನವೆಂಬರಿಗೆ ಮುಂಚೆ ಬಂದೇ ಬರುತ್ತೇನೆ, ಅಲ್ಲಿಯವರೆಗೆ ನನ್ನ ಯಜಮಾನಿಯನ್ನು ನೋಡಿಕೋ ಎಂದೆ. ವಾರವಿಡೀ ಬೈಸಿಕೊಳ್ಳುವವಳಿಗೆ ಶನಿವಾರ ಆರು ಜನರನ್ನು ಬೈದು ಮನೆಯಿಂದ ಹೊರಹಾಕುವ ಭಾಗ್ಯ; ಅದನ್ನು ಬಿಟ್ಟುಕೊಡಲು ನಿನಗೆ ಎಷ್ಟು ಸಂಕಟವಾಗಿತ್ತೆಂದು ಗೊತ್ತು. ನಾನು ಮಾತು ಕೊಟ್ಟೆ. ಸಂಘದ ಪದ್ಧತಿಯೂ ನಮ್ಮ ಕಡೆಗಿತ್ತು. ಬಾರದವರ ಬದಲಿಗೆ ನಿಂತವರು ಪುಸ್ತಕ ಹಿಡಿದೇ ಓದಬೇಕು. ಪುಸ್ತಕ ಕೈಯಲ್ಲಿ ಇರುವವರೆಗೆ ಅವರು ಬರೀ ಬದಲಿ. ಕೆಳಗಿಟ್ಟರೆ ಪಾತ್ರ ಅವರದು.

ನಾನು ಇಟ್ಟಿಲ್ಲ, ಗುಬ್ಬಿ. ಜುಲೈ ಹೊತ್ತಿಗೇ ಎಲ್ಲ ಸಾಲೂ ಬಾಯಿಗೆ ಬಂದಿದ್ದವು. ಆದರೂ ಕಣ್ಣನ್ನು ಹಾಳೆಗೆ ಅಂಟಿಸಿಕೊಂಡು, ಬೆರಳಿನಿಂದ ಸಾಲು ಹಿಡಿದುಕೊಂಡು, ಮೊದಲ ಸಲ ಓದುವವಳ ಹಾಗೆ ತಡವರಿಸುತ್ತಿದ್ದೆ. ಅದೇ ನನ್ನ ಚಳವಳಿ ಅನ್ನು. ಕೆಲಸದಿಂದ ಕಳಿಸಿದವಳ ಜಾಗದಲ್ಲಿ ನಿಲ್ಲುವವಳು ಮಾಲೀಕನ ಇನ್ನೊಂದು ಕೈ ಎಂದು ಬರೆದು ನಮ್ಮ ಕೋಣೆಯ ಗೋಡೆಗೆ ಅಂಟಿಸಿದವಳು ನಾನೇ ಅಲ್ಲವೇ.

ಲಾಂಡ್ರಿಯಲ್ಲಿಯೂ ಹಾಗೆಯೇ ನಡೆದುಕೊಂಡೆ. ನೀನು ಹೋದ ವಾರವೇ ನಿನ್ನ ಜಾಗಕ್ಕೆ ಒಬ್ಬ ಹುಡುಗಿಯನ್ನು ತಂದು ನಿಲ್ಲಿಸಿದರು. ನಮ್ಮ ಭಾಷೆಯವಳೇ. ಬಿಸಿ ರೋಲರಿನಿಂದ ಚಾದರ ಹೊರಬಂದಾಗ ಎರಡು ಮೂಲೆ ಅವಳು ಹಿಡಿಯಬೇಕು, ಎರಡು ಮೂಲೆ ನಾನು. ಹತ್ತಿರ ಬಂದು ಮಡಿಸಬೇಕು, ದೂರ ಸರಿಯಬೇಕು. ದಿನವಿಡೀ ಮುಖಕ್ಕೆ ಮುಖ ಕೊಟ್ಟು ನಿಂತರೂ ನಾನು ಒಂದು ಮಾತೂ ಆಡಲಿಲ್ಲ. ನಿನ್ನ ಏಪ್ರನ್ ನೇತುಹಾಕುತ್ತಿದ್ದ ಕೊಕ್ಕೆಗೆ ನನ್ನ ಚೀಲವನ್ನು ಸಿಕ್ಕಿಸಿಟ್ಟೆ. ಅವಳು ತನ್ನ ಕೋಟನ್ನು ಸುತ್ತಿ ಸೋಪಿನ ಪುಡಿಯ ಡಬ್ಬಗಳ ಮೇಲೆ ಇಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು. ಅಕ್ಕಾ, ಈ ಕೊಕ್ಕೆ ಯಾರದ್ದು, ಇರೋರದ್ದಾ ಹೋದೋರದ್ದಾ ಎಂದಳು. ಬರೋರದ್ದು ಎಂದೆ. ಅವಳಿಗೆ ನಾನು ಹೇಳಿದ ಮೊದಲ ಮಾತು ಅದು.

ಇದನ್ನು ಕೋಣೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ಜೊತೆಗಿರುವ ನಮ್ಮ ದೊಡ್ಡಕ್ಕ ಆಸ್ಪತ್ರೆಯ ಅಡುಗೆಮನೆಯಿಂದ ಆಗಷ್ಟೇ ಬಂದು ಕಾಲು ಚಾಚಿದ್ದಳು. ಊರಿಗೆ ಹೋದೋಳಿಗೋಸ್ಕರ ಇಲ್ಲಿರೋಳನ್ನ ಗೋಳು ಹೊಯ್ಕೋತೀಯಲ್ಲೇ, ನಿನ್ನ ಪುಸ್ತಕದಲ್ಲಿ ಹಾಗೇ ಬರ್ದಿದಾರಾ ಎಂದಳು. ಕ್ರಾಂತಿ ಬರೋ ತನಕ ಆ ಪಾತ್ರೆನಾದ್ರೂ ತೊಳಿ ಎಂದು ಸೇರಿಸಿದಳು. ತೊಳೆದೆ.

ಈಗ ಸುತ್ತುವುದನ್ನು ಬಿಡುತ್ತೇನೆ. ಕಳೆದ ಪತ್ರದಲ್ಲಿ ನಿನ್ನ ಅರ್ಜಿಯ ವಿಷಯ ವಿಚಾರಿಸುತ್ತಿದ್ದೇನೆ, ಆಗಬಹುದು ಅನ್ನಿಸುತ್ತದೆ ಎಂದು ಬರೆದಿದ್ದೆ. ಆಗ ಇನ್ನೂ ವಿಚಾರಿಸಿರಲಿಲ್ಲ. ಕೇಳಲು ಹೆದರಿದ್ದೆ. ಆಮೇಲೆ ಸೂಪರ್‌ವೈಸರನ್ನು ಬಾಯ್ಲರ್ ಪಕ್ಕದಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ. ಅವನು ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು, ನನಗೂ ಒಂದಿಷ್ಟು ಕೂಗಲು ಸಿಗುತ್ತಿತ್ತು. ಒಮ್ಮೆ ಕಳಿಸಿದವರನ್ನು ಕಂಪನಿ ಮತ್ತೆ ಕರೆಸುವುದಿಲ್ಲವಂತೆ. ಅರ್ಜಿ ತೆಗೆದುಕೊಳ್ಳುತ್ತಾರೆ, ತೆರೆಯುವುದಿಲ್ಲ. ಇದು ನಿನಗೆ ಗೊತ್ತಿಲ್ಲವಾ, ಎಲ್ಲರಿಗೂ ಗೊತ್ತಿರುವುದೇ ಎಂದು ಕನಿಕರದಿಂದ ನನ್ನ ಮುಖ ನೋಡಿದ. ಸಹಿ ಸಂಗ್ರಹಿಸುತ್ತೇನೆ ಎಂದೆ. ಸಂಗ್ರಹಿಸು ಎಂದ. ಎಲ್ಲರ ಬಳಿಯೂ ಹೋದೆ, ಗುಬ್ಬಿ. ಎಲ್ಲರೂ ನಿನ್ನನ್ನು ಕೇಳಿದರು, ಹೇಗಿದ್ದಾಳೆ, ದಪ್ಪಗಾದಳಾ ಎಂದರು. ಸಹಿ ಹಾಕಿದವಳು ಒಬ್ಬಳೇ. ನಾನು ಕೇಳದೆಯೇ ಬಂದು ಹಾಕಿದಳು, ಆ ಹೊಸ ಹುಡುಗಿ. ಹಾಕುವಾಗ, ಇವರು ಬಂದ್ರೆ ನನ್ನನ್ನ ಎಲ್ಲಿ ನಿಲ್ಲಿಸ್ತಾರಕ್ಕಾ ಎಂದು ಕೇಳಿದಳು.

ಅದಾಗಿ ಮೊನ್ನೆ ಶನಿವಾರ ಸಂಘದಲ್ಲಿ ಎಲ್ಲರೂ ಪುಸ್ತಕ ಕೆಳಗಿಟ್ಟು ನೆನಪಿನಿಂದಲೇ ಆಡಬೇಕಾದ ದಿನ. ಟಯರ್ ಅಂಗಡಿಯ ಮೇಲಿನ ಅದೇ ರಿಹರ್ಸಲ್ ಕೋಣೆ, ಅದೇ ರಬ್ಬರ್ ವಾಸನೆ. ಮೇಷ್ಟ್ರು ರಟ್ಟಿನ ಪೆಟ್ಟಿಗೆ ಹಿಡಿದು ಒಬ್ಬೊಬ್ಬರ ಮುಂದೆ ಬಂದರು. ಎಲ್ಲರೂ ಪುಸ್ತಕ ಹಾಕಿದರು. ನನ್ನ ಮುಂದೆ ಪೆಟ್ಟಿಗೆ ಬಂದಾಗ ಎದೆಗೆ ಅವುಚಿಕೊಂಡೆ. ಇದು ನನ್ನದಲ್ಲ, ಅವಳದ್ದು ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಪರ್ಮಿಟ್ ಮುಗಿದ ಮಾತ್ರಕ್ಕೆ ಒಬ್ಬ ಹೆಂಗಸು ಮುಗಿದುಹೋಗುವುದಿಲ್ಲ, ಖಾಲಿ ಜಾಗ ಖಾಲಿಯಾಗಿಯೇ ಕಾಣಬೇಕು, ನವೆಂಬರಿನಲ್ಲೂ ನಾನು ಪುಸ್ತಕ ಹಿಡಿದೇ ವೇದಿಕೆ ಹತ್ತುತ್ತೇನೆ, ಜನ ನೋಡಲಿ, ಯಾಕೆಂದು ಕೇಳಲಿ ಎಂದೆ. ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿ ಹೊರಟದ್ದು ಅದೇ ಮೊದಲು. ಡಾಕ್ಟರ ಹೆಂಡತಿ ಕಣ್ಣೊರೆಸಿಕೊಂಡರು. ಬಾಡಿಗೆದಾರನ ಪಾತ್ರದ ಬಸ್ ಡ್ರೈವರ್ ಮಾತ್ರ, ಹೊರಡೋ ಹೊತ್ತಿಗೆ ಬಾರದವರ ಸೀಟಲ್ಲಿ ಇನ್ನೊಬ್ಬರು ಕೂತ್ಕೋತಾರೆ ತಾಯಿ, ಕೂತವರೇನು ಕಳ್ಳರಾ ಎಂದ. ಮೇಷ್ಟ್ರು ತುಂಬ ಮೆತ್ತಗೆ ಕೇಳಿದರು. ಪೋಸ್ಟರ್ ಅಚ್ಚಿಗೆ ಹೋಗಬೇಕು, ಅದರಲ್ಲಿ ಒಂದು ಹೆಸರು ಬೇಕು. ಅವಳು ಬರುತ್ತಾಳಾ, ಅಷ್ಟು ಹೇಳು ಎಂದರು.

ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಸರಿ, ಇವತ್ತೊಂದು ದಿನ ಹಿಡಿದುಕೋ ಎಂದು ಪೆಟ್ಟಿಗೆ ಮುಚ್ಚಿದರು. ಎಲ್ಲರ ಕೈಯೂ ಖಾಲಿ, ನನ್ನ ಕೈಯಲ್ಲಿ ಮಾತ್ರ ನಿನ್ನ ಪುಸ್ತಕ. ಹಾಗೆ ರಿಹರ್ಸಲ್ ಶುರುವಾಯಿತು. ಇಷ್ಟು ನಿನಗೆ ತಿಳಿದಿರಲಿ.

ಮುಂದೇನು ಎಂದು ನೀನು ಕೇಳುತ್ತೀಯ. ಮೊದಲಾದರೆ ಇಂಥ ಕಡೆ ಹೋರಾಟ ನಿಲ್ಲುವುದಿಲ್ಲ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಈ ಸಲ ಪೆನ್ನು ಅಲ್ಲಿಯವರೆಗೆ ಹೋಗುತ್ತಿಲ್ಲ. ಮುಂದಿನ ಬೇಸಿಗೆಯಲ್ಲಿ ನನ್ನ ಪರ್ಮಿಟ್ ಕೂಡ ಮುಗಿಯುತ್ತದೆ. ಬಟ್ಟೆ ಬರುತ್ತಲೇ ಇರುತ್ತದೆ, ಯಾರೋ ಮಡಿಸುತ್ತಿರುತ್ತಾರೆ. ಅರ್ಜಿಗೆ ಕಾಯಬೇಡ. ನಿಮ್ಮಣ್ಣ ಹೇಳಿದ ಹೊಲಿಗೆಯ ಕೆಲಸವನ್ನು ಒಪ್ಪಿಕೋ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು, ನನ್ನ ಮೇಲೆ ಸಿಟ್ಟು ಬಂದರೆ ಬೈದು ಬರೆ. ನೀನು ಬೈದರೆ ಎಷ್ಟು ಚಂದ ಎಂದು ನಮ್ಮಲ್ಲಿ ಎಲ್ಲರಿಗೂ ನೆನಪಿದೆ.

ನೀನೇ ಹೆಸರಿಟ್ಟ,
ಕಿಡಿ

ಮತ್ತೆ: ಲಕೋಟೆ ಅಂಟಿಸಿ ಆಗಿತ್ತು, ಕಿತ್ತು ಬರೆಯುತ್ತಿದ್ದೇನೆ. ಶನಿವಾರದ ಪೂರ್ತಿ ಕಥೆ ಅದಲ್ಲ. ಎರಡನೇ ಅಂಕದಲ್ಲಿ ಯಜಮಾನಿ ಎಲ್ಲರನ್ನೂ ಹೊರಹಾಕುತ್ತಾಳಲ್ಲ, ಅಲ್ಲಿ ಬಸ್ ಡ್ರೈವರನಿಗೆ ಬಾಗಿಲು ತೋರಿಸಲು ಎರಡೂ ಕೈ ಬೇಕಾದವು. ಕೊನೆಯ ಮಾತು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಪುಸ್ತಕ ಹಿಂದೆ ಕುರ್ಚಿಯ ಮೇಲೆ ಬೋರಲು ಬಿದ್ದಿತ್ತು. ಯಾವಾಗ ಇಟ್ಟೆನೋ ತಿಳಿಯದು. ಯಾರೂ ಇಡಿಸಲಿಲ್ಲ. ಒಂದು ಸಾಲೂ ತಪ್ಪಿರಲಿಲ್ಲ. ಗುಬ್ಬಿ, ನನಗೆ ಖುಷಿಯಾಯಿತು. ಇಲ್ಲಿಗೆ ಬಂದ ಮೇಲೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ. ಪೋಸ್ಟರಿಗೆ ನನ್ನ ಹೆಸರನ್ನೇ ಕೊಟ್ಟೆ.

ಇವತ್ತು ಬೆಳಿಗ್ಗೆ ನಿನ್ನ ಕೊಕ್ಕೆಯಿಂದ ನನ್ನ ಚೀಲ ತೆಗೆದೆ. ಹುಡುಗಿ ನನ್ನ ಮುಖವನ್ನೊಮ್ಮೆ ನೋಡಿ, ತನ್ನ ಕೋಟನ್ನು ನೇತುಹಾಕಿದಳು. ಅಲ್ಲಿ ಬೇರೆ ಖಾಲಿ ಕೊಕ್ಕೆ ಇಲ್ಲ.