ಅರ್ಧ ಸೆಕೆಂಡು

ಗಡಿಯಾರದ ಅಂಗಡಿ,
ಬುಧವಾರ ಮಧ್ಯಾಹ್ನ

ಮಗಳೇ,

‘ಪ್ರೀತಿಯ’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನೂ ನಿನ್ನ ಅಮ್ಮನೂ ಆರೋಗ್ಯವಾಗಿದ್ದೇವೆ, ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಆರೋಗ್ಯವಾಗಿಲ್ಲ. ಹನ್ನೆರಡು ತಂಡಗಳಲ್ಲಿ ಮೂರನೆಯವರಾಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದವರು ಹದಿನೆಂಟೇ ದಿನದಲ್ಲಿ ಏಳಕ್ಕೆ ಇಳಿದಿದ್ದೇವೆ. ಪ್ಲೇಆಫ್‌ಗೆ ಹೋಗುವುದು ಆರು ತಂಡ. ಏಳನೆಯವರು ಮನೆಯಲ್ಲಿ ಕೂತು ಟಿ.ವಿ. ನೋಡಬೇಕು. ಆಟಗಾರರ ಅಂಕಿಅಂಶ ಬರೆಯುವುದೇ ನಿನ್ನ ಕೆಲಸ, ಇದೆಲ್ಲ ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತಿದ್ದೇನೆ. ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಎರಡು ಮಾತು ಕಿರುಚಿ ಇಟ್ಟುಬಿಡುತ್ತಿದ್ದೆ. ಕಾಗದದಲ್ಲಾದರೆ ಕಿರುಚಿದ್ದು ಪೂರ್ತಿಯಾಗಿ ತಲುಪುತ್ತದೆ.

ಮೊದಲು ಆ ಲೋಟದ ವಿಷಯ ಮುಗಿಸಿಬಿಡೋಣ. ಅಪ್ಪ ನನ್ನ ಕಾಲಿಗೆ ಲೋಟ ಎಸೆದರು ಅಂತ ಅಮ್ಮನ ಹತ್ತಿರ ಹೇಳಿಕೊಂಡು ಅತ್ತೆಯಂತೆ. ಹೌದು, ಎಸೆದೆ. ಟೀ ಬಿಸಿ ಇತ್ತು, ಮಾತು ಅದಕ್ಕಿಂತ ಬಿಸಿ ಇತ್ತು, ಎಸೆದೆ. ಕ್ಷಮೆ ಕೇಳುವ ಉದ್ದೇಶ ನನಗಿಲ್ಲ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟಾಗ ತಡೆಯಲೂ ಇಲ್ಲ. ಅಮ್ಮ ಮೂರು ದಿನ ಗಾಜಿನ ಚೂರು ಗುಡಿಸುತ್ತಲೇ ಇದ್ದಳು. ಒಂದು ಆಟಕ್ಕೋಸ್ಕರ ಹೊಟ್ಟೇಲಿ ಹುಟ್ಟಿದ ಮಗಳ ಜೊತೆ ಜಗಳ ಆಡ್ತೀರಲ್ಲ, ನಿಮಗೇನಾದ್ರೂ ಬುದ್ಧಿ ಇದೆಯಾ ಅಂತ ಒಂದೇ ಸಮನೆ ಅಂದಳು. ಇದು ಬರೀ ಆಟವಾಗಿದ್ದರೆ ಮಗಳನ್ನು ಏಳು ವರ್ಷದವಳಿದ್ದಾಗಿನಿಂದ ಸಭಾಂಗಣದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಯಾಕೆ ಸಾಕುತ್ತಿದ್ದೆ ಎಂದು ಕೇಳಿದೆ. ಸೌಟಿನ ಸದ್ದು ಜೋರಾಯಿತು.

ಈಗ ನಿನ್ನ ಮ್ಯಾನೇಜರ್ ಮಹಾಶಯನ ವಿಷಯ. ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಮುಗಿಯಲು ಮೂರು ಗಂಟೆ ಇರುವಾಗ ಆತ ಏಣಿಯನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟ. ಒಂಬತ್ತು ವರ್ಷ ನಮ್ಮ ಬುಟ್ಟಿಯ ಕೆಳಗೆ ಕಾವಲು ನಿಂತವನನ್ನು, ಹಳೇ ಸೈಕಲ್ ಕೊಟ್ಟು ಪಾತ್ರೆ ತಗೊಂಡ ಹಾಗೆ! ಬದಲಿಗೆ ಬಂದವರು ಇಬ್ಬರು. ಒಬ್ಬ ಬುಗುರಿ. ಪಕ್ಕದ ಅಂಗಡಿಯ ಕ್ಷೌರಿಕ ಇಟ್ಟ ಹೆಸರು ಅದು, ಏಣಿಗೂ ಅವನೇ ಹೆಸರಿಟ್ಟದ್ದು. ಇಪ್ಪತ್ತರ ಪ್ರಾಯದ ಈ ಬುಗುರಿ ಚೆಂಡು ಕೈಗೆ ಬಂದರೆ ಮೊದಲು ಒಂದು ಸುತ್ತು ತಿರುಗುತ್ತಾನೆ. ಯಾಕೆ ತಿರುಗುತ್ತಾನೋ ದೇವರಿಗೇ ಗೊತ್ತು. ತಿರುಗಿ ಮುಗಿಸುವಷ್ಟರಲ್ಲಿ ಎದುರಿನವನು ಚೆಂಡು ಕಿತ್ತುಕೊಂಡು ಅರ್ಧ ದಾರಿ ದಾಟಿರುತ್ತಾನೆ. ಇನ್ನೊಬ್ಬನ ಹೆಸರನ್ನು ನಾನು ಕಲಿತಿಲ್ಲ, ಕಲಿಯುವ ಅಗತ್ಯವೂ ಬಿದ್ದಿಲ್ಲ. ಬೆಂಚಿನ ಮೇಲೆ ಕೂರಲೆಂದೇ ಹುಟ್ಟಿದ ಪುಣ್ಯಾತ್ಮ. ಆರು ಪಂದ್ಯದಲ್ಲಿ ಐದು ಸೋತೆವು. ಕಳೆದ ಶುಕ್ರವಾರ ಕಟ್ಟಕಡೆಯ ತಂಡದ ಕೈಯಲ್ಲಿ ಸೋತೆವು. ಅವರ ಕಡೆಯ ಕುಳ್ಳನೊಬ್ಬ ನಮ್ಮ ಬುಟ್ಟಿಯ ಕೆಳಗೆ ಹನ್ನೊಂದು ಸಲ ಪುಟಿದ ಚೆಂಡು ಹಿಡಿದ, ಹನ್ನೊಂದು ರಿಬೌಂಡ್! ಏಣಿ ಇದ್ದಿದ್ದರೆ ಅವನು ಅಲ್ಲಿಗೆ ಕಾಲಿಡುವ ಮುಂಚೆ ಯೋಚನೆ ಮಾಡುತ್ತಿದ್ದ. ಇನ್ನು ಹನ್ನೊಂದು ಪಂದ್ಯ ಉಳಿದಿವೆ, ಏಳು ಗೆಲ್ಲಬೇಕು. ಬುಗುರಿಯನ್ನು ನಂಬಿಕೊಂಡು ಏಳು! ನಮ್ಮ ಪ್ಲೇಆಫ್ ಆಸೆಗೆ ನಿನ್ನ ಮ್ಯಾನೇಜರ್ ಎಳ್ಳುನೀರು ಬಿಟ್ಟಿದ್ದಾನೆ.

ಇಷ್ಟೇ ಆಗಿದ್ದರೆ ಅವನನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಮಾರನೆಯ ದಿನ ರೇಡಿಯೋದಲ್ಲಿ ಬಂದು ಕಾರಣ ಹೇಳಿದನಲ್ಲ. ನಾನು ಆಗ ಯಾರದೋ ಕೈಗಡಿಯಾರ ಬಿಚ್ಚಿಟ್ಟುಕೊಂಡಿದ್ದೆ. ಏಣಿ ಒಳ್ಳೆಯ ಹುಡುಗನೇ, ಆದರೆ ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಿಬರುವುದರಲ್ಲಿ ಕಳೆದ ವರ್ಷಕ್ಕಿಂತ ಅರ್ಧ ಸೆಕೆಂಡು ನಿಧಾನವಾಗಿದ್ದಾನೆ, ನಮ್ಮ ಹತ್ತಿರ ಲೆಕ್ಕ ಇದೆ ಎಂದ. ಕೇಳಿ ನನಗೆ ನಗು ಬಂತು. ನಿಮ್ಮ ಕ್ಲಬ್ಬಿಗೆ ಇರುವುದೇ ಎರಡು ಕ್ಯಾಮೆರಾ. ಎರಡೂ ಚೆಂಡಿನ ಹಿಂದೆ ಓಡುತ್ತವೆ, ಚೆಂಡಿಲ್ಲದವನನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಇವನಿಗೆ ಎಲ್ಲಿಂದ ಸಿಕ್ಕಿತು ಈ ಅರ್ಧ ಸೆಕೆಂಡು ಎಂದು ಯೋಚಿಸಿದೆ. ಆ ಇಡೀ ಸಭಾಂಗಣದಲ್ಲಿ ಏಣಿಯ ಓಟಕ್ಕೆ ಸ್ಟಾಪ್‌ವಾಚ್ ಹಿಡಿಯುವ ಹುಚ್ಚ ಒಬ್ಬನೇ. ಆದರೂ ನಿನ್ನ ಮೇಲೆ ಅನುಮಾನ ಬರಲಿಲ್ಲ ನೋಡು, ಅಷ್ಟು ಮುಗ್ಧ ನಿನ್ನಪ್ಪ.

ಮೊನ್ನೆ ಭಾನುವಾರ ನೀನೇ ಬಂದು ಹೇಳಿದೆ. ಅದೂ ಸಮಾಧಾನ ಮಾಡುವ ದನಿಯಲ್ಲಿ. ಅಪ್ಪ, ಯಾರೋ ಮನಸ್ಸಿಗೆ ಬಂದ ಹಾಗೆ ಮಾಡಿದ್ದಲ್ಲ, ನಿಮ್ಮ ಪುಸ್ತಕದ ಅಂಕಿನೇ ನೋಡಿ ತೀರ್ಮಾನ ಮಾಡಿದ್ದು, ನೀವು ಹೆಮ್ಮೆ ಪಡಬೇಕು ಅಂದೆ. ಹೆಮ್ಮೆ!

ಆ ಪುಸ್ತಕ ಏನೆಂದು ನಿನಗೆ ನೆನಪು ಮಾಡಿಕೊಡಬೇಕೆ? ಸಾಲು ಹದಿನಾಲ್ಕು, ಕುರ್ಚಿ ಒಂಬತ್ತು ನನ್ನದು, ಹತ್ತು ನಿನ್ನದು. ಚೆಂಡು ಎದುರಾಳಿಯ ಕೈಗೆ ಹೋದ ಕೂಡಲೇ ನಾನು ಗುಂಡಿ ಒತ್ತುತ್ತಿದ್ದೆ. ಏಣಿ ನಮ್ಮ ಬುಟ್ಟಿಯ ಕೆಳಗೆ ಬಂದು ನಿಂತಾಗ ಮತ್ತೊಮ್ಮೆ ಒತ್ತಿ ಓದಿ ಹೇಳುತ್ತಿದ್ದೆ, ನೀನು ಬರೆದುಕೊಳ್ಳುತ್ತಿದ್ದೆ. ಬೇರೆ ಆಟಗಾರರ ಲೆಕ್ಕ ನಾವು ಯಾವತ್ತೂ ಇಟ್ಟಿಲ್ಲ, ಏಕೆಂದರೆ ಬೇರೆಯವರನ್ನು ನಾವು ನೋಡುತ್ತಲೇ ಇರಲಿಲ್ಲ. ಅದೊಂದು ಪ್ರೀತಿಯ ಕೆಲಸವಾಗಿತ್ತು. ನಿನಗೆ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿ ಕುರ್ಚಿ ಖಾಲಿಯಾದ ಮೇಲೂ ನಾನೇ ಒತ್ತಿ ನಾನೇ ಬರೆದೆ. ಪ್ರತಿ ಸೋಮವಾರ ನೀನು ಅಂಗಡಿಗೆ ಬಂದು ಪುಸ್ತಕ ಒಯ್ಯುವಾಗ, ಪಾಪ, ಹಳೆಯ ದಿನಗಳ ನೆನಪಿಗೆ ಒಯ್ಯುತ್ತಾಳೆ ಎಂದುಕೊಂಡಿದ್ದೆ. ನೀನು ಒಯ್ದದ್ದು ಆಫೀಸಿಗೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಅಪ್ಪನ ಪುಸ್ತಕದಿಂದಲೇ ಅಪ್ಪನ ಆಟಗಾರನನ್ನು ಆಚೆಗೆ ಕಳಿಸಿದೆ.

ಅಂಕಿ ಏರಿದ್ದು ನನಗೆ ಕಾಣಲಿಲ್ಲವೇ ಎಂದು ಕೇಳುತ್ತೀಯ. ಕಂಡಿತ್ತು. ಕಳೆದ ವರ್ಷ ನಾಲ್ಕು ಪಾಯಿಂಟ್ ಆರು ಸೆಕೆಂಡು ಇದ್ದದ್ದು ಈ ವರ್ಷ ಐದು ಪಾಯಿಂಟ್ ಒಂದಾಯಿತು. ವಯಸ್ಸು ಮೂವತ್ತೊಂದು, ಸುಸ್ತಾಗಿರಬಹುದು, ಎರಡು ಪಂದ್ಯ ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ ಎಂದುಕೊಂಡೆ. ಮನೆಯವರ ಕೆಮ್ಮನ್ನು ಊರಿಗೆಲ್ಲ ಸಾರಿಕೊಂಡು ಬರುತ್ತಾರೆಯೇ? ಈಗ ಪತ್ರಿಕೆಯವರು ಅವನನ್ನು ‘ತುಕ್ಕು ಹಿಡಿದ ಏಣಿ’ ಎಂದು ಬರೆಯುತ್ತಿದ್ದಾರೆ. ಹೊಸ ತಂಡ ಅವನ ಜೊತೆ ಈ ಸೀಸನ್ ಮುಗಿಯುವ ತನಕ ಮಾತ್ರ ಒಪ್ಪಂದ ಮಾಡಿಕೊಂಡಿದೆ. ನಿಧಾನ ಎಂಬ ಮಾತು ಬೆನ್ನಿಗಂಟಿದವನನ್ನು ಮುಂದಿನ ವರ್ಷ ಯಾರು ಕರೆಯುತ್ತಾರೆ? ನೀನು ವರದಿಯಲ್ಲಿ ಬರೆದ ಎರಡು ಸಾಲು ಒಬ್ಬನ ಕೆಲಸ ತಿನ್ನುತ್ತಿದೆ, ಗೊತ್ತಿರಲಿ.

ಅವನು ನಮ್ಮ ಅಂಗಡಿಗೆ ಬಂದದ್ದು ನೆನಪಿದೆಯಾ? ಅವನ ತಾಯಿಯ ಗೋಡೆ ಗಡಿಯಾರ ಹಿಡಿದುಕೊಂಡು, ಬಾಗಿಲಲ್ಲಿ ಬಗ್ಗಿ ಒಳಗೆ ಬಂದ, ನೆಟ್ಟಗಾದ ಕೂಡಲೇ ತಲೆ ಟ್ಯೂಬ್‌ಲೈಟಿಗೆ ತಾಗಿತು. ಇದು ಅಮ್ಮನ ಗಡಿಯಾರ, ನಿಂತ್ರೆ ಅವರಿಗೆ ನಿದ್ದೆ ಬರಲ್ಲ ಅಂದ. ನಾನು ಮಾರನೆಯ ದಿನವೇ ಸರಿಮಾಡಿ ಕೊಟ್ಟೆ. ನೀವು ಎಲ್ಲಿ ಕೂರ್ತೀರಿ ಅಂತ ಕೇಳಿ, ಅವತ್ತಿನಿಂದ ಪ್ರತಿ ಪಂದ್ಯಕ್ಕೂ ಮುಂಚೆ ಹದಿನಾಲ್ಕನೇ ಸಾಲಿನ ಕಡೆ ಕೈ ಎತ್ತುತ್ತಿದ್ದ. ಆ ಕೈ ಎತ್ತಿದವನ ಓಟವನ್ನು ನಾನು ಅಳೆದೆ, ನೀನು ಮಾರಿದೆ.

ಅಕ್ಷರ ಸೊಟ್ಟಗಿದೆ ಎಂದು ಹಲ್ಲು ಕಿರಿಯಬೇಡ, ಇದು ಸಿಟ್ಟಿನ ಅಕ್ಷರ. ಅಂಗಡಿಯಲ್ಲೂ ಕೆಲಸಕ್ಕೆ ಮನಸ್ಸು ಕೂರುತ್ತಿಲ್ಲ. ಎದುರು ಬೀದಿಯ ಟೀಚರಮ್ಮನ ಗಡಿಯಾರವನ್ನು ಬಿಡಿಭಾಗ ಸಿಗಲಿಲ್ಲ ಎಂದು ಹೇಳಿ ಹಾಗೇ ವಾಪಸು ಕೊಟ್ಟೆ. ಅದಕ್ಕೂ ನೀನೇ ಕಾರಣ.

ಶನಿವಾರ ಏಣಿ ಎದುರಾಳಿಯ ಬಟ್ಟೆಯಲ್ಲಿ ನಮ್ಮ ಸಭಾಂಗಣಕ್ಕೆ ಬರುತ್ತಿದ್ದಾನೆ. ಹತ್ತನೇ ಕುರ್ಚಿಗೆ ಕ್ಷೌರಿಕನನ್ನು ಕರೆದಿದ್ದೇನೆ. ನೀನು ನಿನ್ನ ಆಫೀಸಿನ ಗಾಜಿನ ಹಿಂದೆಯೇ ಕೂತು ನೋಡು. ಹದಿನಾಲ್ಕನೇ ಸಾಲಿನ ಕಡೆ ತಿರುಗಬೇಡ.

ಇನ್ನೂ ಸಿಟ್ಟಿಳಿಯದ,
ನಿನ್ನ ಅಪ್ಪ

ವಿ.ಸೂ.: ಭಾನುವಾರ ಬೆಳಿಗ್ಗೆ. ಕಾಗದವನ್ನು ಅಂಚೆಗೆ ಹಾಕಿರಲಿಲ್ಲ, ಲಕೋಟೆಯ ಮೇಲೆ ನಿನ್ನ ವಿಳಾಸ ಬರೆಯುವುದೇ ಕಷ್ಟವಾಗಿ ಇಟ್ಟುಕೊಂಡಿದ್ದೆ. ಒಳ್ಳೆಯದೇ ಆಯಿತು. ಹರಿದು ಹಾಕಿ ಬೇರೆ ಬರೆಯಬಹುದಿತ್ತು, ಹಾಗೆ ಮಾಡುವುದಿಲ್ಲ. ನಾನು ಎಂಥ ಮೂರ್ಖನೆಂದು ನೀನು ಪೂರ್ತಿ ಓದಬೇಕು.

ನಿನ್ನೆ ಏಣಿ ಕೈ ಎತ್ತಿದ. ಇಡೀ ಸಾಲು ಎದ್ದು ನಿಂತಿತು. ಅಭ್ಯಾಸಬಲ, ನಾನು ಸ್ಟಾಪ್‌ವಾಚ್ ತೆಗೆದೆ. ಐದೂ ಒಂದು ಬಂತು, ಮತ್ತೆ ಐದೂ ಎರಡು. ಕ್ಷೌರಿಕ ತಮಾಷೆಗೆ ತನ್ನ ಫೋನಿನಲ್ಲೂ ಅಳೆಯುತ್ತಿದ್ದ. ಅವನದು ನಾಲ್ಕೂ ಆರು. ನಿನ್ನ ಫೋನು ಸಂತೆ ಮಾಲು ಎಂದು ರೇಗಿದೆ. ಕೊಡಿ ಇಲ್ಲಿ, ನಿಮ್ಮ ವಾಚ್ ನಾನು ಹಿಡೀತೀನಿ, ನನ್ನ ಫೋನ್ ನೀವು ಹಿಡೀರಿ ಅಂದ. ಅದಲುಬದಲು ಮಾಡಿಕೊಂಡೆವು. ನನ್ನ ವಾಚು ಅವನ ಕೈಯಲ್ಲಿ ನಾಲ್ಕೂ ಆರು ತೋರಿಸಿತು. ಅವನ ಫೋನು ನನ್ನ ಕೈಯಲ್ಲಿ ಐದೂ ಒಂದು. ಏಳು ಸಲ ನೋಡಿದೆವು, ಏಳು ಸಲವೂ ಹಾಗೇ. ಕೊನೆಗೆ ಬುಗುರಿಯನ್ನು ಅಳೆದೆವು. ಇಪ್ಪತ್ತು ವರ್ಷದ ಆ ಚಿಗರೆ ಕೂಡ ನನ್ನ ಕೈಯಲ್ಲಿ ಅರ್ಧ ಸೆಕೆಂಡು ಮುದುಕನಾದ. ಕ್ಷೌರಿಕ ವಾಚನ್ನು ನನ್ನ ಜೇಬಿಗೆ ಹಾಕಿ, ತನ್ನ ಫೋನ್ ವಾಪಸು ತಗೊಂಡ.

ಬಲಗೈ ಹೆಬ್ಬೆರಳು ಈ ಸೀಸನ್ ಶುರುವಾಗುವ ಮುಂಚಿನಿಂದಲೇ ಜೋಮು ಹಿಡಿದಿದೆ, ಪುಟ್ಟಿ. ಮೊದಲ ಒತ್ತು ಸರಿಯಾಗಿ ಬೀಳುತ್ತದೆ, ಬೆರಳು ಗುಂಡಿಯ ಮೇಲೆ ಕಾದು ಕೂತಿರುತ್ತದಲ್ಲ. ಆಮೇಲೆ ಅದನ್ನು ಎತ್ತಿ ಮತ್ತೆ ಒತ್ತು ಎಂದರೆ ಹೇಳಿದ ಮಾತು ಕೇಳುವುದಿಲ್ಲ. ಟೀಚರಮ್ಮನ ಗಡಿಯಾರಕ್ಕೆ ಬಿಡಿಭಾಗ ಸಿಕ್ಕಿತ್ತು, ಸ್ಕ್ರೂ ಹಿಡಿಯಲು ಬೆರಳು ಸಿಗಲಿಲ್ಲ. ಎರಡು ತಿಂಗಳಿಂದ ನನ್ನ ಅಂಗಿಯ ಗುಂಡಿ ಹಾಕುತ್ತಿರುವುದು ನಿನ್ನ ಅಮ್ಮ. ಮಗಳಿಗಾದ್ರೂ ಹೇಳಿ ಎಂದು ಬೇಡಿಕೊಂಡಳು. ಗಡಿಯಾರ ರಿಪೇರಿಯವನ ಬೆರಳು ಹೋಯಿತೆಂದರೆ ಇನ್ನೇನು ಉಳಿಯಿತು, ಬಾಯಿ ಬಿಟ್ಟರೆ ಜೋಕೆ ಎಂದು ಅವಳ ಮೇಲೆ ಹಾರಾಡಿದೆ. ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಆ ಏಣಿ ದಂಡ ತೆತ್ತ. ನಿನ್ನೆ ರಾತ್ರಿಯಿಂದ ನನ್ನ ಮೇಲೆ ನನಗೆ ಬರುತ್ತಿರುವ ಸಿಟ್ಟಿನ ಮುಂದೆ ನಿನ್ನ ಮೇಲಿನದು ಏನೇನೂ ಅಲ್ಲ.

ಆದರೂ ನಿನ್ನನ್ನು ಬಿಡುವುದಿಲ್ಲ. ಒಬ್ಬನೇ ಮನುಷ್ಯ, ಒಂದೇ ಕೈ, ಒಬ್ಬನೇ ಆಟಗಾರ, ಇಷ್ಟನ್ನು ನಂಬಿ ವರದಿ ಬರೆದೆಯಲ್ಲ, ಇನ್ನೊಬ್ಬನನ್ನು ಅಳೆದು ನೋಡಬೇಕೆಂದು ನಿನಗೂ ಹೊಳೆಯಲಿಲ್ಲವಲ್ಲ. ಅಪ್ಪನ ಅಂಕಿ ತಪ್ಪಾಗುವುದುಂಟೇ ಎಂದುಕೊಂಡಿರಬೇಕು.

ಈ ಕಾಗದವನ್ನು ಸಿಕ್ಕಿದ ಕೂಡಲೇ ನಿನ್ನ ಮ್ಯಾನೇಜರನ ಮೇಜಿನ ಮೇಲಿಡು. ಅದೇ ರೇಡಿಯೋದಲ್ಲಿ ಬಂದು, ಏಣಿ ನಿಧಾನವಾಗಿಲ್ಲ, ನಮ್ಮ ಲೆಕ್ಕ ತಪ್ಪು ಎಂದು ಅವನು ಹೇಳಬೇಕು. ಕೊಟ್ಟ ಆಟಗಾರ ಈ ವರ್ಷ ಹಿಂದಕ್ಕೆ ಬರುವುದಿಲ್ಲ, ಗೊತ್ತು. ಮುಂದಿನ ವರ್ಷದ ಕೆಲಸವಾದರೂ ಅವನಿಗೆ ಉಳಿಯಲಿ. ನಿನ್ನ ಕೆಲಸಕ್ಕೆ ಇದರಿಂದ ಕುತ್ತು ಬರಬಹುದು, ಅದೂ ಗೊತ್ತು. ನಿನಗೆ ಆಗದಿದ್ದರೆ ಹೇಳು, ಗುರುವಾರ ನಾನೇ ಬಂದು ಅವನ ಎದುರು ಗುಂಡಿ ಒತ್ತಿ ತೋರಿಸುತ್ತೇನೆ. ಸ್ಟಾಪ್‌ವಾಚನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಇನ್ನು ಅದು ನಿನ್ನ ಕೈಯಲ್ಲಿರಲಿ. ನಿನ್ನೆ ಎರಡು ಪಾಯಿಂಟಿನಲ್ಲಿ ಸೋತೆವು, ಕೊನೆಯ ರಿಬೌಂಡ್ ಹಿಡಿದವನು ಏಣಿ.

ಮತ್ತೆ ಆ ಲೋಟ. ಮೇಲೆ ಬರೆದದ್ದು ಸುಳ್ಳು. ನಿನ್ನನ್ನು ಬೈಯಲು ಕೈ ಎತ್ತಿದೆ, ಅದರಲ್ಲಿ ಲೋಟ ಇತ್ತು, ಬೆರಳು ಹಿಡಿದುಕೊಳ್ಳಲಿಲ್ಲ. ನಾನು ಎಸೆಯಲಿಲ್ಲ ಮಗಳೇ, ಅದು ಕೈಯಿಂದ ಬಿತ್ತು.