ಹೊಂಗೆಮರದ ಮೂಲೆ

ಕಾರ್ಕ್, ಐರ್ಲೆಂಡ್
12 ನವೆಂಬರ್ 2024

ಜ್ಯೋತಿಯ ಅಪ್ಪನವರಿಗೆ,

ನಿಮ್ಮ ಅನುಸೂಯ ಮಾಡುವ ನಮಸ್ಕಾರಗಳು. ಫೋನಿನಲ್ಲಿ ನೀವು ಊಟ ಆಯಿತೇ ಎನ್ನುತ್ತೀರಿ, ನಾನು ಆಯಿತು ಎನ್ನುತ್ತೇನೆ, ಅಷ್ಟಕ್ಕೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ರಜಕ್ಕೆ ವೈಟ್‌ಫೀಲ್ಡಿಗೆ ಹೊರಟಿರುವ ಹುಡುಗಿಯೊಬ್ಬಳು ಕಾಡುಗೋಡಿಗೆ ಬಂದು ನಿಮ್ಮ ಕೈಗೇ ಕೊಡುತ್ತಾಳೆ.

ಇಲ್ಲಿ ಎಲ್ಲವೂ ಬೇರೆ. ಹಗಲು ಹೊತ್ತೂ ಬಾಗಿಲು ಹಾಕೇ ಇರುತ್ತದೆ. ಕುಡಿಯುವ ನೀರು ಬಚ್ಚಲ ನಲ್ಲಿಯಲ್ಲೇ ಬರುತ್ತದೆ. ನಾವು ಟ್ಯಾಂಕರಿಗೆ ಕಾಯುವುದು ನೆನೆದು ಹೊಟ್ಟೆ ಉರಿಯಿತು. ಮಗು ಇಲ್ಲದಿದ್ದರೇನು, ಮಗಳು ಬಾಣಂತಿಯೇ ತಾನೇ ಎಂದು ಸಾಂಬ್ರಾಣಿ ಹಾಕಿದೆ. ಹೊಗೆ ಕಂಡರೆ ಕೂಗುವ ಚಾವಣಿಯ ಯಂತ್ರ ಬೀದಿಗೆಲ್ಲ ಕೇಳುವಂತೆ ಕಿರುಚಿತು. ಅಳಿಯಂದಿರು ಕುರ್ಚಿ ಹತ್ತಿ ಟವೆಲು ಬೀಸಿ ಸುಮ್ಮನಾಗಿಸಿದರು. ಆವತ್ತು ಜ್ಯೋತಿ ಚೂರು ನಕ್ಕಳು.

ಮನೆ ಹಿಂದೆ ಎಲ್ಲರೂ ಒಂದಿಷ್ಟು ನೆಲ ಖಾಲಿ ಬಿಟ್ಟಿದ್ದಾರೆ. ನಾವೋ ಹೊಲವನ್ನೆಲ್ಲ ಬಾಡಿಗೆ ರೂಮು ಮಾಡಿದೆವು, ನಿಮ್ಮ ಆ ಹೊಂಗೆಮರದ ಮೂಲೆ ಒಂದು ಬಿಟ್ಟು. ಎರಡು ರೂಮಿನ ಜಾಗ ದಂಡ ಮಾಡಿದಿರಿ ಎಂದು ಎಷ್ಟು ವರ್ಷ ಜಗಳ ಆಡಿದ್ದೇನೆ.

ಕೂಸು ಹೊಟ್ಟೆಯಲ್ಲೇ ಹೋಗಿತ್ತು ಎಂದಷ್ಟೇ ನಿಮಗೆ ಹೇಳಿದ್ದೆ. ಉಳಿದದ್ದು ಹೇಳಲಿಲ್ಲ. ನರ್ಸಮ್ಮ ಅದನ್ನು ಒರೆಸಿ, ನಾನು ತಂದಿದ್ದ ಹಳೇ ಸೀರೆ ಬಟ್ಟೆಯಲ್ಲೇ ಸುತ್ತಿ ಜ್ಯೋತಿಯ ಹತ್ತಿರ ತಂದಳು. ನಮ್ಮಲ್ಲಿ ತಾಯಿಗೆ ತೋರಿಸುವುದಿಲ್ಲವಲ್ಲ. ಗಾಬರಿಯಲ್ಲಿ ನಾನು ಸೆರಗಿನಿಂದ ಅವಳ ಕಣ್ಣು ಮುಚ್ಚಿಬಿಟ್ಟೆ. ಅವಳು ನನ್ನ ಕೈ ಸರಿಸಿ, "ನನ್ ಮಗಳಮ್ಮ, ನಾನ್ ನೋಡ್ಬೇಕು" ಅಂದಳು. ಒಂದು ಹಗಲು ಪೂರ್ತಿ ಎದೆಯ ಮೇಲಿಟ್ಟುಕೊಂಡಿದ್ದಳು. ಹೆಸರೂ ಇಟ್ಟರು. ಪುಟ್ಟ ಪಾದದ ಗುರುತು ಕಾಗದಕ್ಕೆ ಒತ್ತಿ ಕೊಟ್ಟರು. ಕೊನೆಗೆ ನನ್ನ ಕೈಗೂ ಕೊಟ್ಟಳು. ಮೂಗು ನಿಮ್ಮದೇ.

ಎತ್ತಿಕೊಂಡಾಗ ಅತ್ತೆ ನೆನಪಾದರು. ಮೂವತ್ತಾರು ವರ್ಷದ ಹಿಂದೆ ನಮ್ಮ ಮೊದಲನೆಯದು ಉಸಿರಿಲ್ಲದೆ ಹುಟ್ಟಿದಾಗ, "ಮುಖ ನೋಡಿದ್ರೆ ಮರಿಯಾಕಾಗಲ್ಲ ಕಣಮ್ಮ" ಎಂದು ನನ್ನನ್ನು ಗೋಡೆ ಕಡೆ ತಿರುಗಿಸಿ ಮಲಗಿಸಿದರು. ನೀವು ಟವೆಲಿನಲ್ಲಿ ಸುತ್ತಿಕೊಂಡು ಹೊಲದ ಕಡೆ ಹೋದಿರಿ. ಗಂಡೋ ಹೆಣ್ಣೋ ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಮುಖ ನೋಡದೆಯೂ ನಾನು ಮರೆತಿಲ್ಲ. ಒಂದು ದಿನವೂ ಮರೆತಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಎಲ್ಲಿ ಮಣ್ಣು ಮಾಡಿದಿರಿ, ಗಂಡೋ ಹೆಣ್ಣೋ, ಅಷ್ಟು ಹೇಳಿ. ಫೋನಿನಲ್ಲಿ ಬೇಡ, ನಾನು ಬಂದ ಮೇಲೆ ಕೂತುಕೊಂಡು ಹೇಳಿ. ಬಿ.ಪಿ. ಮಾತ್ರೆ ಮರೆಯಬೇಡಿ.

ಇಂತಿ,
ನಿಮ್ಮ ಅನುಸೂಯ

ವಿ.ಸೂ.: ಕಾಗದ ಮಡಚುವಾಗ ಹೊಳೆಯಿತು. ಬಾಡಿಗೆಯವರು ಆ ಮೂಲೆಯಲ್ಲಿ ಗಾಡಿ ನಿಲ್ಲಿಸಿದರೆ ನೀವು ಕೂಗಾಡುತ್ತೀರಿ. ಯುಗಾದಿಯ ದಿನ ಒಬ್ಬರೇ ಹೋಗಿ ಒಂದು ಚೊಂಬು ನೀರು ಹಾಕಿ ಬರುತ್ತೀರಿ. ಆ ಹೊಂಗೆ ನೀವು ನೆಟ್ಟದ್ದು ಅದೇ ವರ್ಷ ಅಲ್ಲವೇ? ಎಲ್ಲಿ ಎಂದು ಇನ್ನು ಕೇಳುವುದಿಲ್ಲ. ಗಂಡೋ ಹೆಣ್ಣೋ, ಅದೊಂದು ಹೇಳಿ.